ವಾರ್ಡಿನ ಬಡ ಮನೆ

ಕ್ರಿಸ್ಮಸ್ಸಿಗೆ ಮೊದಲು, ಚರ್ಚಿನ ವಾರ್ಡಿನ ಬಡ ಮನೆಯೊಂದಕ್ಕೆ ಕೊಡಲೆಂದು ವಾರ್ಡಿನ ಮುಖಂಡರಾದ ಗುರಿಕಾರರು ಡಬ್ಬಿ ಹಿಡಿದು ಬಂದಾಗ, ಅಂಗಡಿಯವನು ಬೇಡವೆಂದಿದ್ದ, ಟೇಪು ಅಂಟಿಸಿದ ನೂರರ ನೋಟನ್ನೇ ಸೆವ್ರಿನ್ ಮಡಚಿ ಹಾಕಿದ್ದಳು.

“ಯಾರ ಮನೆಗೆ?”

“ಹೆಸರು ಹೇಳುವ ಕ್ರಮ ಇಲ್ಲ ಸೆವ್ರಿನ್ ಬಾಯಿ. ಹಬ್ಬ ಕಳೆದ ಮೇಲೆ ಗುಟ್ಟಿನಲ್ಲಿ ಕೊಡುದು.”

ಹಬ್ಬ ಕಳೆಯಿತು. ಕುಸ್ವಾರದ ತಿಂಡಿಡಬ್ಬಿಯೂ ಗಂಡನ ಜೇಬೂ ಬರಿದಾದವು. ಕರೆಂಟು ಬಿಲ್ಲಿಗೆ ಕಡೇ ದಿನ ಬಂದು, ಅವಳು ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ತಿರುಗುತ್ತಿದ್ದಾಗ ಗುರಿಕಾರರು ಮತ್ತೆ ಬಂದರು.

“ಈಗ ಕೊಡ್ಲಿಕ್ಕೆ ಏನೂ ಇಲ್ಲ ಮಾರಾಯ್ರೆ.”

“ಗೊತ್ತುಂಟು,” ಎಂದು ಅವರು ಅವಳ ಕೈಗೊಂದು ಲಕೋಟೆ ಕೊಟ್ಟು ನಡೆದರು.

ಲಕೋಟೆಯ ದುಡ್ಡನ್ನು ಎಣಿಸದೆ ಅವಳು ಬಿಲ್ಲಿನ ಕೌಂಟರಿಗೆ ಓಡಿದಳು. ಗುಮಾಸ್ತ ಒಂದು ನೋಟನ್ನು ಹಿಂದಕ್ಕೆ ತಳ್ಳಿದ.

“ಟೇಪು ಅಂಟಿಸಿದ್ದು ನಡೆಯುದಿಲ್ಲಮ್ಮ. ಬೇರೆ ಕೊಡಿ.”