ಗ್ಲೌಸ್ ಬದಲಿಸಿ ಸರ್!

ಇದನ್ನು ಓದಿ ಮೈ ಉರಿಯದಿದ್ದರೆ, ದಯವಿಟ್ಟು ಇನ್ನೊಮ್ಮೆ ಓದಿ...

ಡಾಕ್ಟರ್ ಸಿಂಚನ ಒಂದು ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ ಸರ್ಜರಿ ಕಲಿಯಲು ಸೇರಿದ್ದಳು.

ಆಪರೇಷನ್ ಥಿಯೇಟರಿಗೆ ಕಾಲಿಟ್ಟ ಮೊದಲ ದಿನವೇ ಪ್ರೊಫೆಸರ್ ಗದರಿಸಿ ಹೇಳಿದ್ದರು... "ಗ್ಲೌಸ್ ಹಾಕಿದ ಕೈ ಸೊಂಟದಿಂದ ಕೆಳಗೆ ಇಳೀಬಾರ್ದು. ಯಾರ ಬೆನ್ನಿಗೂ ತಾಗಬಾರ್ದು. ತಾಗಿದ್ರೆ ಯಾರೇ ಆಗ್ಲಿ ತಕ್ಷಣ ಜೋರಾಗಿ ಹೇಳ್ಬೇಕು, ನನ್ನ ಕೈಯಾದ್ರೂ ಸರಿ! ಮುಚ್ಚಿಟ್ರೆ ಪೇಷಂಟ್‌ಗೆ ಇನ್‌ಫೆಕ್ಷನ್."

ಎಂಥ ಒಳ್ಳೆಯ ಪಾಠ ಅಲ್ಲವೇ?

ಆದರೆ ಆ ಮಹಾನುಭಾವರ ಪದ್ಧತಿ ಬೇರೆಯೇ ಇತ್ತು. ಹುಡುಗರ ಕೈಗೆ ಚಾಕು... ಸಿಂಚನಳ ಕೈಗೆ ಗಾಯ ಅಗಲಿಸಿ ಹಿಡಿಯುವ ಕೊಕ್ಕೆ!

"ನಾಳೆ ಮದುವೆಯಾಗಿ ಸೌಟು ಹಿಡಿಯೋರಿಗೆ ಚಾಕು ಯಾಕಮ್ಮಾ?" ಎನ್ನುತ್ತಿದ್ದರು. ಹುಡುಗರೆಲ್ಲ ಹಲ್ಲು ಕಿರಿಯುತ್ತಿದ್ದರು.

ಅಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದಳೇನೋ...

ಕೊಕ್ಕೆ ಹಿಡಿದವಳು ಅಲುಗಾಡುವಂತಿಲ್ಲ. ಕೈ ಬಿಟ್ಟರೆ ರೋಗಿಗೆ ಅಪಾಯ. ಅದು ಗೊತ್ತಿದ್ದೇ ಆತ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೇಜಿನ ಮರೆಯಲ್ಲಿ ಅವಳ ಸೊಂಟದ ಕೆಳಗೆ ಕೈಯಾಡಿಸುತ್ತಿದ್ದ. ಥೂ!

ಸೀನಿಯರ್ ಒಬ್ಬರ ಹತ್ತಿರ ಹೇಳಿಕೊಂಡು ಅತ್ತಳು. "ಅಡ್ಜಸ್ಟ್ ಮಾಡ್ಕೊಮ್ಮಾ... ಪಾಸು ಫೇಲು ಎಲ್ಲ ಅವರ ಕೈಲಿದೆ" ಎಂಬ ಉತ್ತರ ಬಂತು.

ಕಷ್ಟಪಟ್ಟು ಪಡೆದ ಸೀಟು. ಬಿಟ್ಟು ಊರಿಗೆ ಹೋಗೋಣ ಎಂದು ಹಾಸ್ಟೆಲಿನಲ್ಲಿ ಬಟ್ಟೆ ಬರೆ ಕಟ್ಟಿಟ್ಟಿದ್ದಳು.

ಆ ದಿನ ಒಂದು ಅಪೆಂಡಿಕ್ಸ್ ಆಪರೇಷನ್. ರೋಗಿ, ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಸಾಕಮ್ಮ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹೊಟ್ಟೆ ಮರಗಟ್ಟಿಸಿದ್ದರು. ಎಚ್ಚರವಾಗಿಯೇ ಇದ್ದಳು, ಮುಖದ ಮುಂದೆ ಒಂದು ಪರದೆ ಅಷ್ಟೆ.

"ನೀವೂ ಇರ್ತೀರಲ್ಲ ಡಾಕ್ಟ್ರಮ್ಮ... ನಂಗೆ ಅದೇ ಧೈರ್ಯ ಕಣವ್ವ" ಎಂದಿದ್ದಳು.

ನಡುವೆ ಮತ್ತೆ ಆ ಕೈ ಬಂತು. ಸಿಂಚನ ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಅದೇ ಕೈ, ಅದೇ ಗ್ಲೌಸಿನಲ್ಲಿ, ಸಾಕಮ್ಮನ ಹೊಟ್ಟೆಯೊಳಗೆ ಹೋಗುವುದರಲ್ಲಿತ್ತು...

ಸಿಟ್ಟು ನೆತ್ತಿಗೇರಿತು.

"ನಿಲ್ಲಿಸಿ! ಗ್ಲೌಸ್ ಬದಲಿಸಿ ಸರ್!"

"ಏನಂದೆ?"

"ನಿಮ್ಮ ಕೈ ಈಗ ನನ್ನ ಸೊಂಟದ ಕೆಳಗಿತ್ತು. ಆ ಕೈ ಪೇಷಂಟ್ ಹೊಟ್ಟೆಗೆ ಹೋಗ್ಬಾರ್ದು. ಜೋರಾಗಿ ಹೇಳ್ಬೇಕು ಅಂತ ನೀವೇ ಕಲಿಸಿದ್ದು!"

ಹಲ್ಲು ಕಿರಿಯುತ್ತಿದ್ದ ಹುಡುಗರು ನೆಲ ನೋಡಿದರು.

"ತಲೆ ಕೆಟ್ಟಿದೆಯಾ ನಿಂಗೆ? ಯಾರು ನೋಡಿದ್ರು?" ಪ್ರೊಫೆಸರ್ ಅಬ್ಬರಿಸಿದ.

ಮೇಜಿನ ಪಕ್ಕ ಉಪಕರಣ ಕೊಡುತ್ತಿದ್ದ ಹಳೆಯ ನರ್ಸ್ ಫಿಲೋಮಿನಾ ಸಿಸ್ಟರ್ ಹೊಸ ಗ್ಲೌಸ್ ಮುಂದೆ ಹಿಡಿದರು.

"ನಾನು ನೋಡ್ದೆ ಸರ್. ಇವತ್ತೊಂದೇ ದಿನ ಅಲ್ಲ... ಈ ಹುಡುಗಿಗಿಂತ ಮುಂಚೆ ಬಂದೋರ ಕಾಲದಿಂದ್ಲೂ ನೋಡ್ತಿದ್ದೀನಿ. ಬಾಯಿ ಬಿಟ್ಟಿರಲಿಲ್ಲ."

ಆಗ ಪರದೆಯ ಆಚೆಯಿಂದ ಸಾಕಮ್ಮನ ದನಿ...

"ನಂಗೂ ಕೇಳಿಸ್ತು ಕಣವ್ವ. ಹೊಟ್ಟೆ ಮರಗಟ್ಟಿರೋದು, ಕಿವಿಯಲ್ಲ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ!"

ಆತ ಗ್ಲೌಸ್ ಕಿತ್ತೆಸೆದು ಹೊರಗೆ ನಡೆದ. ಪಕ್ಕದ ಥಿಯೇಟರಿನ ಡಾಕ್ಟರ್ ಓಡಿ ಬಂದು ಆಪರೇಷನ್ ಮುಗಿಸಿದರು. ಕೊನೆಯ ಹೊಲಿಗೆಗೆ ಸೂಜಿಯನ್ನು ಸಿಂಚನಳ ಕೈಗೆ ಕೊಟ್ಟರು.

ಅವಳು ಹೊಲಿದಳು. ಕಣ್ಣೀರು ಮಾಸ್ಕಿನೊಳಗೇ ಇಳಿಯಿತು...

ಸಿಂಚನ ಕೊಟ್ಟ ದೂರಿನ ವಿಚಾರಣೆಯ ದಿನ ದೊಡ್ಡವರೆಲ್ಲ "ಕಾಲೇಜಿನ ಮರ್ಯಾದೆ" ಎಂದು ರಾಗ ಎಳೆದರು. ಸಾಕಮ್ಮ ಹೊಟ್ಟೆ ಹಿಡಿದುಕೊಂಡೇ ಬಂದಿದ್ದಳು.

"ಮರ್ಯಾದೆ ಕಳೆದೋನು ಕೈ ಹಾಕಿದೋನು ಸ್ವಾಮಿ. ಈ ಮಗು ನನ್ನ ಜೀವ ಕಾಪಾಡ್ತು. ಅವನನ್ನ ಬಿಟ್ರೆ, ನಾನು ಬಸ್ ಸ್ಟ್ಯಾಂಡಲ್ಲಿ ನಿಂತು ಊರಿಗೆಲ್ಲ ಹೇಳ್ತೀನಿ!"

ಆತ ಮತ್ತೆ ಆ ಥಿಯೇಟರಿನೊಳಗೆ ಕಾಲಿಡಲಿಲ್ಲ. ಸಿಂಚನ ಹಾಸ್ಟೆಲಿಗೆ ಹೋಗಿ ಕಟ್ಟಿದ್ದ ಗಂಟು ಬಿಚ್ಚಿದಳು.

ನಾಚಿಕೆಯಾಗಬೇಕಾದದ್ದು ಮುಟ್ಟಿದ ಕೈಗೆ... ನೊಂದ ಹೆಣ್ಣಿಗಲ್ಲ.

ಆ ಥಿಯೇಟರಿನಲ್ಲಿ ನೀವಿದ್ದಿದ್ದರೆ ಬಾಯಿ ಬಿಡುತ್ತಿದ್ದಿರಾ... ಇಲ್ಲ, ನೆಲ ನೋಡುತ್ತಿದ್ದಿರಾ?