ಮೇಲಿನ ಊರಿನ ಮೋಡ

ಅತ್ತ ಫೋನ್ ಎತ್ತಿದ ಸದ್ದಾದಾಗ ವರ್ಲೀನ್ ನೀರಿನ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಯೂಟಾದ ಆ ಮರುಭೂಮಿಯಲ್ಲಿ ಮಳೆ ಬೀಳುವುದು ಒಂದು ಕಡೆ, ನೀರು ನುಗ್ಗುವುದು ಇನ್ನೊಂದು ಕಡೆ. ನಾಳೆ ಅವಳು ಇಳಿಯಲಿದ್ದ ಕಮರಿಗೆ ಪ್ರವಾಹ ಬಂದರೆ ಅಕ್ಕ ಲರೂ ಇರುವ ಬೆಟ್ಟದಿಂದಲೇ ಬರಬೇಕು. ಅಪ್ಪನನ್ನು ಮಣ್ಣು ಮಾಡಿದ ದಿನ ಜಗಳವಾಡಿದ ಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

"ಅಕ್ಕಾ, ಅಲ್ಲಿ ಮೋಡ ಇದ್ಯಾ? ನಾಳೆ ಕಮರಿಗೆ ಇಳೀತಿದೀನಿ."

"ಯಾಕೆ, ರೇಡಿಯೋದಲ್ಲಿ ಹೇಳಲಿಲ್ವಾ?"

"ಹೇಳಿದ್ರು. ನೀನು ನೋಡಿ ಹೇಳು."

ಅಕ್ಕ ಫೋನ್ ಇಟ್ಟೇಬಿಟ್ಟಳೇನೋ ಅಂದುಕೊಳ್ಳುವಷ್ಟರಲ್ಲಿ ಅತ್ತ ಬಾಗಿಲು ಕಿರ್ರೆಂದಿತು. ಅಂಗಳದ ಜಲ್ಲಿಯ ಮೇಲೆ ಚಪ್ಪಲಿಯ ಸದ್ದು ದೂರ ಹೋಗಿ, ನಿಧಾನವಾಗಿ ಹತ್ತಿರ ಬಂತು.

"ಒಂದು ತುಣುಕೂ ಇಲ್ಲ," ಅಂದಳು ಲರೂ. "ಬೆಳಗ್ಗೆ ಎದ್ದು ಇನ್ನೊಂದ್ಸಲ ನೋಡ್ತೀನಿ. ನಾನು ಫೋನ್ ಮಾಡೋವರೆಗೂ ಇಳೀಬೇಡ, ತಿಳೀತಾ?"