ಒಟ್ಟಿಗೆ ಮಗುಚಿದ ಹಾಳೆಗಳು

ಬಾಗಿಲಲ್ಲಿ ನಿಂತ ತಂಗಿಯನ್ನು ಕಂಡ ಕೂಡಲೇ ಅಕ್ಕ, ಸೂಜಿ ಚುಚ್ಚಿ ಒರಟಾದ ಬೆರಳಿನಿಂದ ಬೈಬಲಿನ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿ ಮುಂದೆ ಓದಿದಳು. ಹೊಲಿಗೆ ಮುಗಿಸಿ ದಿನಾ ಸಂಜೆ ಅವಳು ಕಣ್ಣು ಕಾಣದ ಅಮ್ಮನಿಗೆ ಓದಿ ಹೇಳುತ್ತಿದ್ದಳು. ಇವತ್ತಿನ ಓದು, ಒಡಹುಟ್ಟಿದವರನ್ನು ಎಷ್ಟು ಸಲ ಕ್ಷಮಿಸಬೇಕು ಎಂಬಲ್ಲಿಗೆ ಬಂದಿತ್ತು. ಅಕ್ಕನಿಗೆ ಮದುವೆ ನಿಶ್ಚಯವಾಗಿದ್ದ ಗಂಡಿನ ಜೊತೆ ಓಡಿಹೋಗಿದ್ದ ತಂಗಿ, ಈಗ ಅವನು ಸತ್ತ ಮೇಲೆ, ಒಂದು ಚೀಲ ಹಿಡಿದು ವಾಪಸು ಬಂದಿದ್ದಳು.

"ನಡುವೆ ಬಿಟ್ಟೆಯಲ್ಲ ಮಗಳೇ," ಎಂದಳು ಅಮ್ಮ.

"ಹಾಳೆ ಅಂಟಿಕೊಂಡಿದೆ ಅಮ್ಮ."

"ಇರಲಿ ಬಿಡು, ನನಗೆ ಬಾಯಿಪಾಠ." ಅಮ್ಮ ಬಿಟ್ಟುಹೋದ ಮಾತುಗಳನ್ನು ಮೆಲ್ಲಗೆ ಹೇಳತೊಡಗಿದಳು. ಕೇಳುತ್ತ ಕೇಳುತ್ತ ತಂಗಿ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಅಕ್ಕನ ದವಡೆ ಮಾತ್ರ ಇನ್ನಷ್ಟು ಬಿಗಿಯಿತು. ಇದೇ ಭಾಗವನ್ನು ಚರ್ಚಿನ ಸಭೆಯ ಹೆಂಗಸರಿಗೆ ವಿವರಿಸಿ ಅವರ ಕಣ್ಣಲ್ಲಿ ನೀರು ತರಿಸಿದ್ದವಳು ಅವಳೇ.

"ಬಾಗಿಲ ಹತ್ರ ಯಾರಾದ್ರೂ ಬಂದಿದಾರಾ?" ಅಮ್ಮ ಕೇಳಿದಳು. ತಂಗಿ ತಲೆಯೆತ್ತಿ ಅಕ್ಕನ ಮುಖ ನೋಡಿದಳು.

"ಯಾರೂ ಇಲ್ಲಮ್ಮ. ಪಕ್ಕದ ಮನೆ ಮಗು ಅಳ್ತಿದೆ."

ತಂಗಿ ಚೀಲ ಎತ್ತಿಕೊಂಡು, ಅಕ್ಕನ ಸುಳ್ಳು ಬಯಲಾಗದ ಹಾಗೆ, ಸದ್ದಿಲ್ಲದೆ ಮೆಟ್ಟಿಲಿಳಿದು ಹೋದಳು. ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದಳು.

"ನಿನ್ನ ತಂಗಿನೂ ಚಿಕ್ಕವಳಿದ್ದಾಗ ಹೀಗೇ, ಬಾಯಿ ಮುಚ್ಕೊಂಡು ಅಳೋಳು," ಎಂದಳು. "ಸರಿ, ಮುಂದೆ ಓದು."

ಅಕ್ಕ ಓದಲು ಬಾಯಿ ತೆರೆದಳು. ಆಮೇಲೆ ಒಟ್ಟಿಗೆ ಮಗುಚಿದ್ದ ಹಾಳೆಗಳನ್ನು ಹಿಂದಕ್ಕೆ ತಿರುವಿದಳು.